ಸ್ಟುಟ್‌ಗಾರ್ಟ್‌ನಲ್ಲಿ ವಚನ ಹುಡುಕುವ ಬಗೆ

(ಓದಿಗೋ ಕೆಲಸಕ್ಕೋ ಹೊರದೇಶಕ್ಕೆ ಹೊರಟಿರುವ ಯುವಕ ಯುವತಿಯರು ಮತ್ತು ಅವರ ತಂದೆತಾಯಿಯರ ಮುಂದೆ ಬೀದರಿನಲ್ಲಿ ಆಡಿದ ಮಾತುಗಳ ಬರಹ ರೂಪ. ನಡುವೆ ಬಂದ ಪ್ರಶ್ನೆಗಳನ್ನು ಬಂದ ಜಾಗದಲ್ಲೇ ಇಟ್ಟಿದ್ದೇನೆ.)

ಎಲ್ಲರಿಗೂ ಶರಣು.

ಐದೂವರೆ ಶತಮಾನದ ಹಿಂದೆ ಈ ಊರಿನಲ್ಲಿ ಇಬ್ಬರು ಪರದೇಶಿಗಳು ಒಂದೇ ಕಾಲಕ್ಕೆ ಇದ್ದರು. ಒಬ್ಬ ಮಹಮೂದ್ ಗವಾನ್. ಇರಾನಿನ ಗೀಲಾನ್ ಪ್ರಾಂತದಿಂದ ವ್ಯಾಪಾರಕ್ಕೆಂದು ಬಂದು ಬಹಮನಿ ರಾಜ್ಯದ ಪ್ರಧಾನಿಯಾದವನು. ಇನ್ನೊಬ್ಬ ಅಫನಾಸಿ ನಿಕಿತಿನ್. ರಷ್ಯಾದ ತ್ವೆರ್ ಪಟ್ಟಣದ ವ್ಯಾಪಾರಿ. ಕುದುರೆಯೊಂದನ್ನು ಮಾರುವ ಆಸೆಯಿಂದ ಹೊರಟು ಕೊನೆಗೆ ಬೀದರಿನಲ್ಲಿ ಅದನ್ನು ಮಾರಿದವನು. ಗವಾನ್ 1472ರಲ್ಲಿ ಕಟ್ಟಿಸಿದ ಮದರಸಾದ ಗ್ರಂಥಾಲಯದಲ್ಲಿ ಮೂರು ಸಾವಿರ ಹಸ್ತಪ್ರತಿಗಳಿದ್ದವು ಎಂದು ಇತಿಹಾಸಕಾರರು ಬರೆದಿದ್ದಾರೆ. ನಿಕಿತಿನ್ ಬಳಿ ಒಂದು ಪುಸ್ತಕವೂ ಇರಲಿಲ್ಲ. ರಷ್ಯಾದಿಂದ ಹೊರಡುವಾಗ ತಂದಿದ್ದ. ದಾರಿಯಲ್ಲಿ ದರೋಡೆಯಾದಾಗ ಸರಕಿನ ಜೊತೆಗೆ ಅವೂ ಹೋದವು. ತನ್ನ ಟಿಪ್ಪಣಿಗಳಲ್ಲಿ ಅವನು ಅದನ್ನು ನೆನೆದು ಮರುಗುತ್ತಾನೆ: ಪುಸ್ತಕಗಳಿಲ್ಲದ್ದರಿಂದ ಈಸ್ಟರ್ ಯಾವಾಗ, ಉಪವಾಸ ಯಾವಾಗ ಎಂಬ ಲೆಕ್ಕವೇ ತಪ್ಪಿತು, ನಕ್ಷತ್ರಗಳನ್ನು ನೋಡಿ ಅಂದಾಜು ಮಾಡಬೇಕಾಯಿತು ಎಂದು.

ಗವಾನ್ ಕೈಯಲ್ಲಿ ಅಧಿಕಾರವಿತ್ತು, ಹಣವಿತ್ತು, ಪರ್ಷಿಯಾದ ವಿದ್ವಾಂಸರೊಂದಿಗೆ ಪತ್ರವ್ಯವಹಾರವಿತ್ತು. ನಮ್ಮ ಮಕ್ಕಳು ಹೊರದೇಶಕ್ಕೆ ಹೋಗುವುದು ಗವಾನನ ಹಾಗಲ್ಲ, ನಿಕಿತಿನ್‌ನ ಹಾಗೆ. ಒಂದು ವ್ಯತ್ಯಾಸವಿದೆ. ರಷ್ಯನ್ ಪುಸ್ತಕವೊಂದು ಬೇಕು ಎಂದು ಕೇಳಲು ಅವನಿಗೆ ಬೀದರಿನಲ್ಲಿ ಒಬ್ಬರೂ ಇರಲಿಲ್ಲ. ನಿಮಗೆ ಕೇಳುವ ಜಾಗಗಳು ಬೇಕಾದಷ್ಟಿವೆ. ನಾವು ಕೇಳುವುದಿಲ್ಲ, ಅಷ್ಟೇ. ಈ ಹೊತ್ತಿನ ನನ್ನ ಮಾತೆಲ್ಲ ಇದರ ಸುತ್ತಲೇ.

ಮೊದಲು ಪೆಟ್ಟಿಗೆಯ ವಿಚಾರ ಮುಗಿಸಿಬಿಡುತ್ತೇನೆ. ವಿಮಾನದಲ್ಲಿ ಸಾಮಾನ್ಯವಾಗಿ ಒಂದು ಪೆಟ್ಟಿಗೆಗೆ 23 ಕಿಲೋ. ಅದರಲ್ಲಿ ಜೋಳದ ಹಿಟ್ಟು, ಸೇಂಗಾ ಚಟ್ನಿ, ಖಡಕ್ ರೊಟ್ಟಿ, ಕೊನೆ ಗಳಿಗೆಯಲ್ಲಿ ಅವ್ವ ತುರುಕುವ ಇನ್ನೊಂದು ಡಬ್ಬಿ. ತೂಕ ಹೆಚ್ಚಾದಾಗ ಮೊದಲು ಹೊರಬೀಳುವುದು ಪುಸ್ತಕ. ಚಟ್ನಿಯೊಂದಿಗೆ ಜಗಳವಾಡಿ ಗೆದ್ದ ಪುಸ್ತಕವನ್ನು ನಾನಂತೂ ಕಂಡಿಲ್ಲ. ಆದ್ದರಿಂದ ದಪ್ಪ ಕಾದಂಬರಿಗಳನ್ನು ಬಿಡಿ. ಅವನ್ನು ಒಮ್ಮೆ ಓದಿದರೆ ಮುಗಿಯಿತು. ತೂಕಕ್ಕೆ ತಕ್ಕಂತೆ ಬಾಳಿಕೆ ಬರುವುದು ಕವಿತೆ ಮತ್ತು ವಚನ. ಅಂಗೈಯಷ್ಟು ಅಗಲದ ಒಂದು ವಚನ ಸಂಕಲನ ಎರಡು ಚಳಿಗಾಲ ಓದಿದರೂ ಮುಗಿಯುವುದಿಲ್ಲ. ಬಸವಕಲ್ಯಾಣ ನಮ್ಮ ಜಿಲ್ಲೆಯಲ್ಲೇ ಇದೆ ಎಂಬ ಅಭಿಮಾನದಿಂದ ಹೇಳುತ್ತಿಲ್ಲ, ಗ್ರಾಂ ಲೆಕ್ಕದಲ್ಲಿ ಹೇಳುತ್ತಿದ್ದೇನೆ.

ಈಗ ಅಲ್ಲಿಗೆ ಹೋದ ಮೇಲಿನ ಮಾತು. ನಾನು ಇದ್ದದ್ದು ಜರ್ಮನಿಯ ಸ್ಟುಟ್‌ಗಾರ್ಟ್‌ನಲ್ಲಿ. ಕಾರು ಮತ್ತು ಕಾರಿನ ಬಿಡಿಭಾಗ ಮಾಡುವ ಊರು; ಎಂಜಿನಿಯರುಗಳಿಗೆ ಬೇರೆ ಪರಿಚಯ ಬೇಡ. ಅಲ್ಲಿನ ನಗರ ಗ್ರಂಥಾಲಯದ ಈಗಿನ ಕಟ್ಟಡ 2011ರಲ್ಲಿ ತೆರೆಯಿತು. ಬಿಳಿಯ ಚೌಕಾಕಾರದ ಕಟ್ಟಡ. ಅದರ ನಾಲ್ಕು ಗೋಡೆಗಳ ಮೇಲೆ ‘ಗ್ರಂಥಾಲಯ’ ಎಂದು ನಾಲ್ಕು ಭಾಷೆಗಳಲ್ಲಿ ಬರೆದಿದ್ದಾರೆ: ಜರ್ಮನ್, ಇಂಗ್ಲಿಷ್, ಕೊರಿಯನ್, ಅರಬ್ಬಿ. ಬೀದರಿನ ಓಣಿಗಳಲ್ಲಿ ಬೆಳೆದವರಿಗೆ ಆ ನಾಲ್ಕನೆಯ ಗೋಡೆಯ ಲಿಪಿ ದೂರದ್ದೆನಿಸುವುದಿಲ್ಲ. ನಿದ್ದೆ ಬಾರದವರಿಗೆಂದೇ ಅಲ್ಲೊಂದು ಕಪಾಟು ಇದೆ. ಗ್ರಂಥಾಲಯ ಮುಚ್ಚಿದ ಮೇಲೂ ಕಾರ್ಡು ತೋರಿಸಿ ಅದರಿಂದ ಪುಸ್ತಕ ಪಡೆಯಬಹುದು. ಪಾಳಿಯ ಮೇಲೆ ದುಡಿಯುವವರ ಊರಿಗೆ ಒಪ್ಪುವ ವ್ಯವಸ್ಥೆ.

ಜರ್ಮನಿಯ ದೊಡ್ಡ ಊರುಗಳ ನಗರ ಗ್ರಂಥಾಲಯಗಳಲ್ಲಿ ತುರ್ಕಿ, ರಷ್ಯನ್, ಅರಬ್ಬಿ ಪುಸ್ತಕಗಳ ಕಪಾಟುಗಳು ಸಾಮಾನ್ಯ. ತುರ್ಕಿ ಪುಸ್ತಕಗಳು ಅಲ್ಲಿಗೆ ಬಂದದ್ದು ಹೇಗೆ? 1961ರಲ್ಲಿ ಪಶ್ಚಿಮ ಜರ್ಮನಿ ಮತ್ತು ತುರ್ಕಿಯ ನಡುವೆ ಕೂಲಿಕಾರರನ್ನು ಕರೆಸಿಕೊಳ್ಳುವ ಒಪ್ಪಂದವಾಯಿತು. ಜನ ಬಂದರು, ಮಕ್ಕಳಾದರು, ಗ್ರಂಥಾಲಯದ ಕಾರ್ಡು ಮಾಡಿಸಿದರು, ನಮ್ಮ ಭಾಷೆಯ ಪುಸ್ತಕ ಎಲ್ಲಿ ಎಂದು ಕೇಳಿದರು. ನಾರ್ವೆಯ ಗ್ರಂಥಾಲಯಗಳಲ್ಲಿ ಉರ್ದು ಮತ್ತು ತಮಿಳು ಸಿಗುವುದಕ್ಕೂ ಇದೇ ಕಾರಣ. ಪಾಕಿಸ್ತಾನದಿಂದ ದುಡಿಯಲು ಹೋದವರು, ಶ್ರೀಲಂಕಾದ ಯುದ್ಧದಿಂದ ತಪ್ಪಿಸಿಕೊಂಡು ಹೋದವರು ಅಲ್ಲಿ ನೆಲೆಸಿದರು. ಸಾರ್ವಜನಿಕ ಗ್ರಂಥಾಲಯ ನಡೆಯುವುದು ಎರವಲಿನ ಲೆಕ್ಕದ ಮೇಲೆ. ಯಾವ ಭಾಷೆಯವರು ಬಂದು ಕೇಳುತ್ತಾರೋ ಆ ಭಾಷೆಗೆ ಮುಂದಿನ ವರ್ಷ ಹಣ.

ಕನ್ನಡದ ಕಪಾಟನ್ನು ನಾನು ಅಲ್ಲಿ ಎಲ್ಲೂ ನೋಡಲಿಲ್ಲ. ಕನ್ನಡಿಗರು ಕಡಿಮೆ ಎಂಬುದು ಅರ್ಧ ಉತ್ತರ ಮಾತ್ರ. ನಮ್ಮವರು ವಾರಾಂತ್ಯಕ್ಕೆ ಸೇರುತ್ತಾರೆ, ರಾಜ್ಯೋತ್ಸವ ಮಾಡುತ್ತಾರೆ, ಬಿಸಿಬೇಳೆ ಭಾತ್ ಮಾಡಿ ಬಡಿಸುತ್ತಾರೆ, ಕನ್ನಡ ಉಳಿಯಬೇಕು ಎಂದು ಭಾಷಣವನ್ನೂ ಮಾಡುತ್ತಾರೆ. ಅದೇ ಊರಿನ ಗ್ರಂಥಾಲಯಕ್ಕೆ ಹೋಗಿ ‘ಈ ಪುಸ್ತಕ ತರಿಸಿಕೊಡಿ’ ಎಂಬ ಒಂದು ಚೀಟಿ ತುಂಬುವುದಿಲ್ಲ. ಆ ಚೀಟಿಗೆ ದುಡ್ಡಿಲ್ಲ, ಕಾಸಿಲ್ಲ. ಪುಸ್ತಕ ಸಲಹೆ ಮಾಡುವ ಸೌಕರ್ಯ ಅಲ್ಲಿನ ಬಹುತೇಕ ನಗರ ಗ್ರಂಥಾಲಯಗಳಲ್ಲಿದೆ.

ಕಪಾಟಿನಲ್ಲಿ ಇಲ್ಲ ಎಂದರೆ ದೇಶದಲ್ಲೇ ಇಲ್ಲ ಎಂದಲ್ಲ. ಈ ವಿಷಯವನ್ನು ಸ್ವಲ್ಪ ವಿವರವಾಗಿ ಹೇಳಬೇಕು.

ಸ್ಟುಟ್‌ಗಾರ್ಟ್ ಇರುವ ಆ ಸೀಮೆಯ ಹೆಸರು ವ್ಯೂರ್ಟೆಂಬರ್ಗ್. 1843ರಲ್ಲಿ ಮಂಗಳೂರಿನಲ್ಲಿ ಕನ್ನಡದ ಮೊದಲ ಪತ್ರಿಕೆಯನ್ನು ಹೊರಡಿಸಿದ ಹರ್ಮನ್ ಮೋಗ್ಲಿಂಗ್ ಅದೇ ಸೀಮೆಯವನು. ಮಲಯಾಳಂ ನಿಘಂಟಿನ ಹರ್ಮನ್ ಗುಂಡರ್ಟ್ ಹುಟ್ಟಿದ್ದು ಸ್ಟುಟ್‌ಗಾರ್ಟ್‌ನಲ್ಲೇ. 1894ರಲ್ಲಿ ಕನ್ನಡದ ದೊಡ್ಡ ನಿಘಂಟನ್ನು ಕೊಟ್ಟ ಕಿಟೆಲ್ ತೀರಿಕೊಂಡದ್ದು ಅಲ್ಲಿಂದ ಒಂದು ಗಂಟೆ ರೈಲಿನ ದಾರಿಯ ಟ್ಯೂಬಿಂಗನ್‌ನಲ್ಲಿ, 1903ರಲ್ಲಿ. ಇವರನ್ನೆಲ್ಲ ಕಳಿಸಿದ ಮಿಷನ್ನಿನ ದಾಖಲೆ ಭಂಡಾರ ಸ್ವಿಟ್ಜರ್ಲೆಂಡಿನ ಬಾಸೆಲ್‌ನಲ್ಲಿದೆ. ಧರ್ಮ ಹರಡಲು ಬಂದವರು ಅವರು, ಅದನ್ನು ಮರೆಮಾಚಬೇಕಿಲ್ಲ. ಆದರೆ ಹೋಗುವಾಗ ಕನ್ನಡ ಪುಸ್ತಕಗಳನ್ನೂ ಹಸ್ತಪ್ರತಿಗಳನ್ನೂ ಹೊತ್ತು ಹೋದರು, ಜೋಪಾನವಾಗಿ ಇಟ್ಟರು. ಟ್ಯೂಬಿಂಗನ್ ವಿಶ್ವವಿದ್ಯಾಲಯ ಗುಂಡರ್ಟ್ ಸಂಗ್ರಹವನ್ನು ಸ್ಕ್ಯಾನ್ ಮಾಡಿ ಎಲ್ಲರಿಗೂ ತೆರೆದಿಟ್ಟಿದೆ. ಬಹುಪಾಲು ಮಲಯಾಳಂ, ಜೊತೆಗೆ ಕನ್ನಡವೂ ಇದೆ. ಇತ್ತ ಹೈಡೆಲ್‌ಬರ್ಗ್ ವಿಶ್ವವಿದ್ಯಾಲಯದ ದಕ್ಷಿಣ ಏಷ್ಯಾ ಸಂಸ್ಥೆ 1962ರಿಂದ ನಮ್ಮ ಕಡೆಯ ಪುಸ್ತಕಗಳನ್ನು ಕೂಡಿಸುತ್ತ ಬಂದಿದೆ.

ಅಮೆರಿಕದ ಕಥೆ ಇನ್ನೂ ಸ್ವಾರಸ್ಯದ್ದು. ಇಲ್ಲಿ ಕುಳಿತಿರುವ ಹಿರಿಯರಿಗೆ ನ್ಯಾಯಬೆಲೆ ಅಂಗಡಿಯಲ್ಲಿ ಸಿಗುತ್ತಿದ್ದ ಅಮೆರಿಕದ ಗೋಧಿ, ಕೆಂಪು ಜೋಳ ನೆನಪಿರಬಹುದು. ಪಿ.ಎಲ್. 480 ಎಂಬ 1954ರ ಕಾನೂನಿನಡಿ ಬಂದ ಧಾನ್ಯ ಅದು. ಅದರ ಬೆಲೆಯನ್ನು ಭಾರತ ರೂಪಾಯಿಯಲ್ಲಿ ಕೊಡುತ್ತಿತ್ತು. ಆ ರೂಪಾಯಿಯನ್ನು ಇಲ್ಲೇ ಖರ್ಚು ಮಾಡಬೇಕಿತ್ತು. ಅದರ ಒಂದು ಪಾಲಿನಿಂದ ಅಮೆರಿಕದ ಲೈಬ್ರರಿ ಆಫ್ ಕಾಂಗ್ರೆಸ್ 1962ರಲ್ಲಿ ದೆಹಲಿಯಲ್ಲಿ ಕಚೇರಿ ತೆರೆದು, ಭಾರತದ ಎಲ್ಲ ಮುಖ್ಯ ಭಾಷೆಗಳ ಪುಸ್ತಕಗಳನ್ನು ಹಲವು ಪ್ರತಿಗಳಲ್ಲಿ ಕೊಂಡು ಶಿಕಾಗೋ, ಬರ್ಕ್ಲಿ, ವಿಸ್ಕಾನ್ಸಿನ್ ಮುಂತಾದ ವಿಶ್ವವಿದ್ಯಾಲಯಗಳಿಗೆ ಹಂಚಿತು. ರೂಪಾಯಿ ನಿಧಿ ಮುಗಿದ ಮೇಲೆ ಆ ಗ್ರಂಥಾಲಯಗಳು ತಮ್ಮ ಹಣದಿಂದಲೇ ಕೊಳ್ಳುವುದನ್ನು ಮುಂದುವರಿಸಿದವು. ನಮ್ಮಜ್ಜಿ ಮೂಗುಮುರಿಯುತ್ತ ಬೀಸಿದ ಆ ಧಾನ್ಯದ ದುಡ್ಡಿನಲ್ಲಿ ಕನ್ನಡದ ಕಾದಂಬರಿಗಳು ಹಡಗು ಹತ್ತಿದವು. ಅಮೆರಿಕಕ್ಕೆ ಹೋಗುವವರು ಇದನ್ನು ನೆನಪಿಡಿ. ನಿಮ್ಮ ವಿಶ್ವವಿದ್ಯಾಲಯದಲ್ಲಿ ಪುಸ್ತಕ ಇಲ್ಲದಿದ್ದರೆ ಇರುವ ಕಡೆಯಿಂದ ತರಿಸಿಕೊಡುವುದು ಅಲ್ಲಿನ ಗ್ರಂಥಾಲಯಗಳ ದಿನನಿತ್ಯದ ಕೆಲಸ.

ಜರ್ಮನಿಯಲ್ಲೂ ಆ ಏರ್ಪಾಡು ಇದೆ. ಅದನ್ನು ಫೆರ್ನ್‌ಲೈಹೆ ಎನ್ನುತ್ತಾರೆ. ದೇಶದ ಯಾವುದೋ ಮೂಲೆಯ ಗ್ರಂಥಾಲಯದ ಪುಸ್ತಕವನ್ನು ನಿಮ್ಮ ಊರಿನ ಗ್ರಂಥಾಲಯ ತರಿಸಿಕೊಡುತ್ತದೆ. ಶುಲ್ಕ ಸಾಮಾನ್ಯವಾಗಿ ಒಂದೂವರೆ ಯೂರೋ, ಅಲ್ಲಿನ ಒಂದು ಕಪ್ ಕಾಫಿಗಿಂತ ಅಗ್ಗ.

ಇಲ್ಲೊಬ್ಬ ವಿದ್ಯಾರ್ಥಿನಿ ಕೇಳಿದರು: “ಸರ್, ನನ್ನ ಅಣ್ಣ ಅಲ್ಲಿನ ಕ್ಯಾಟಲಾಗಿನಲ್ಲಿ ಹುಡುಕಿದ. ವಚನ ಎಂದು ಹಾಕಿದರೆ ಏನೂ ಬರುವುದಿಲ್ಲವಂತೆ.”

ಬರುವುದಿಲ್ಲ, ಸರಿ. ಗುಟ್ಟು ಇಲ್ಲಿದೆ. ಆ ಗ್ರಂಥಾಲಯಗಳು ಕನ್ನಡ ಹೆಸರುಗಳನ್ನು ರೋಮನ್ ಅಕ್ಷರದಲ್ಲಿ ಬರೆದಿಡುತ್ತವೆ. ನಾವು ಮೊಬೈಲಿನಲ್ಲಿ ಬರೆಯುವ ಹಾಗಲ್ಲ, ವಿದ್ವಾಂಸರ ಪದ್ಧತಿಯಲ್ಲಿ. ನಾವೆಲ್ಲ ‘ಚ’ಕ್ಕೆ ಸಿ, ಎಚ್ ಎಂದು ಎರಡು ಅಕ್ಷರ ಒತ್ತುತ್ತೇವೆ. ಅವರ ಪದ್ಧತಿಯಲ್ಲಿ ‘ಚ’ಕ್ಕೆ ಸಿ ಒಂದೇ, ಸಿ, ಎಚ್ ಎರಡೂ ಬಂದರೆ ಅದು ಮಹಾಪ್ರಾಣ ‘ಛ’. ಹಾಗಾಗಿ ವಚನ ಹುಡುಕುವಾಗ ಎಚ್ ತೆಗೆಯಬೇಕು. ದೀರ್ಘಕ್ಕೆ ಎರಡು ಎ, ಎರಡು ಇ ಹಾಕಬಾರದು. ಅವರು ಒಂದೇ ಅಕ್ಷರ ಬರೆದು ಮೇಲೊಂದು ಗೆರೆ ಎಳೆಯುತ್ತಾರೆ. ‘ಳ’, ‘ಣ’, ‘ಡ’ಗಳಿಗೆ ಕೆಳಗೊಂದು ಚುಕ್ಕೆ. ಗೆರೆ, ಚುಕ್ಕೆಗಳನ್ನು ಹುಡುಕುವಾಗ ನೀವು ಹಾಕಬೇಕಾಗಿಲ್ಲ, ಯಂತ್ರ ಸಾಮಾನ್ಯವಾಗಿ ಅವನ್ನು ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ. ಶಿವಶರಣ ಎಂಬಲ್ಲಿಯೂ ಹಾಗೆಯೇ: ‘ಶ’ಕ್ಕೆ ಬರಿಯ ಎಸ್, ಎಚ್ ಬೇಡ. ಇಷ್ಟು ತಿಳಿದರೆ ಖಾಲಿ ಇದ್ದ ಪರದೆಯ ಮೇಲೆ ಸಾಲುಸಾಲಾಗಿ ಹೆಸರು ಬರುತ್ತವೆ. ವರ್ಲ್ಡ್‌ಕ್ಯಾಟ್ ಎಂಬ ಜಾಲತಾಣದಲ್ಲಿ ಪ್ರಪಂಚದ ಸಾವಿರಾರು ಗ್ರಂಥಾಲಯಗಳನ್ನು ಒಟ್ಟಿಗೆ ಹುಡುಕಬಹುದು. ನೀವಿರುವ ಊರಿಗೆ ಹತ್ತಿರದ ಪ್ರತಿ ಎಲ್ಲಿದೆ ಎಂಬುದನ್ನೂ ಅದು ಹೇಳುತ್ತದೆ.

ನನಗೆ ಇದನ್ನು ತೋರಿಸಿಕೊಟ್ಟವರು ಅಲ್ಲಿನ ಒಬ್ಬ ಗ್ರಂಥಪಾಲಕಿ. ಅವರಿಗೆ ಕನ್ನಡದ ಒಂದಕ್ಷರ ಬಾರದು. ಆ ಪದ್ಧತಿಯ ಪಟ್ಟಿಯನ್ನು ಮೇಜಿನ ಮೇಲಿಟ್ಟುಕೊಂಡು, ನಾನು ಉಚ್ಚರಿಸಿದ್ದನ್ನು ಒಂದೊಂದೇ ಅಕ್ಷರವಾಗಿ ಒತ್ತಿದರು. ಎರಡು ವಾರ ಕಳೆದು ಪುಸ್ತಕ ಬಂತು. ಗಟ್ಟಿ ರಟ್ಟಿಗೆ ಹೊಸದಾಗಿ ಕಟ್ಟಿಸಿದ ಹಳೆಯ ವಚನ ಸಂಪುಟ. ಮೊದಲ ಪುಟದ ಮೂಲೆಯಲ್ಲಿ ಧಾರವಾಡದ ಪುಸ್ತಕದಂಗಡಿಯ ನೇರಳೆ ಮುದ್ರೆ, ಅದರ ಕೆಳಗೆ ಜರ್ಮನ್ ವಿಶ್ವವಿದ್ಯಾಲಯದ ಮುದ್ರೆ. ನಡುವೆ ಕೆಲವು ಹಾಳೆಗಳು ಮುದ್ರಣಾಲಯದ ಮಡಿಕೆಯಲ್ಲೇ ಅಂಟಿಕೊಂಡಿದ್ದವು, ಅಂಚು ಕತ್ತರಿಸಿರಲಿಲ್ಲ. ಎಂದರೆ ಅಷ್ಟು ದಶಕ ಆ ಪುಟಗಳನ್ನು ಯಾರೂ ತೆರೆದಿರಲಿಲ್ಲ. ಆ ತಾಯಿ ಮೇಜಿನ ಖಾನೆಯಿಂದ ಮೂಳೆಯ ಚಪ್ಪಟೆ ಕಡ್ಡಿಯೊಂದನ್ನು ತೆಗೆದು, ಮಡಿಕೆಯೊಳಗೆ ಇಳಿಸಿ, ಉಸಿರು ಬಿಗಿಹಿಡಿದು ಒಂದೊಂದನ್ನೇ ಬಿಡಿಸಿದರು. ಆಮೇಲೆ ನನ್ನ ಕಡೆಗೆ ತಿರುಗಿ, ಇನ್ನೂ ಏನಾದರೂ ಬೇಕೇ, ಬೇಗ ಹೇಳಿ, ಯಾರೂ ಮುಟ್ಟದ ಪುಸ್ತಕಗಳನ್ನು ಎಷ್ಟು ದಿನ ಇಡಬೇಕೆಂದು ಮೇಲಿನವರು ಕೇಳುತ್ತಿರುತ್ತಾರೆ ಎಂದರು. ನಾವು ಎರವಲು ಪಡೆಯುವ ಪ್ರತಿಯೊಂದು ಪುಸ್ತಕವೂ ಆ ಪುಸ್ತಕದ ಪರವಾಗಿ ಹಾಕಿದ ಮತ ಎಂಬುದು ನನಗೆ ಮನದಟ್ಟಾದದ್ದು ಆಗ.

ಫೋನಿನಲ್ಲಿ ಓದುವ ಮಾತಿಗೆ ಬರೋಣ. 2016ರಲ್ಲಿ ಕಿಂಡಲ್ ಹಿಂದಿ, ತಮಿಳು, ಮರಾಠಿ, ಗುಜರಾತಿ, ಮಲಯಾಳಂ ಪುಸ್ತಕಗಳನ್ನು ತಂದಿತು. ಆ ಪಟ್ಟಿಯಲ್ಲಿ ಕನ್ನಡ ಇರಲಿಲ್ಲ. ಆ ಕೊರತೆಯನ್ನು ಮೈಲ್ಯಾಂಗ್‌ನಂತಹ ಕನ್ನಡದ ಆ್ಯಪ್‌ಗಳು ಒಂದಿಷ್ಟು ತುಂಬಿವೆ; ಓದುವ ಪುಸ್ತಕವೂ ಕೇಳುವ ಪುಸ್ತಕವೂ ಸಿಗುತ್ತವೆ. ಲೇಖಕ ತೀರಿಕೊಂಡು ಅರವತ್ತು ವರ್ಷ ಕಳೆದ ಕೃತಿಗಳು ನಮ್ಮ ಕಾನೂನಿನ ಪ್ರಕಾರ ಹಕ್ಕುಮುಕ್ತ. ಅಂಥವು ಇಂಟರ್‌ನೆಟ್ ಆರ್ಕೈವ್‌ನಲ್ಲಿ, ವಿಕಿಸೋರ್ಸ್‌ನಲ್ಲಿ ಬೇಕಾದಷ್ಟಿವೆ. ಆರ್ಕೈವ್‌ನಲ್ಲಿ ಹೆಸರುಗಳನ್ನು ಮನಬಂದಂತೆ ಬರೆದಿದ್ದಾರೆ, ಆದ್ದರಿಂದ ಅಲ್ಲಿ ಎಚ್ ಹಾಕಿಯೂ ಹುಡುಕಿ, ಹಾಕದೆಯೂ ಹುಡುಕಿ. ಆದರೆ ನಿನ್ನೆ ಮೊನ್ನೆ ಬಂದ ಕಾದಂಬರಿಯ ಪಿಡಿಎಫ್ ಒಂದನ್ನು ವಾಟ್ಸ್‌ಆ್ಯಪ್ ಗುಂಪಿನಲ್ಲಿ ಹಂಚುವವರಿದ್ದಾರಲ್ಲ, ಅವರ ಬಗ್ಗೆ ನನಗೆ ಸಿಟ್ಟಿದೆ. ಸಾವಿರ ಪ್ರತಿ ಅಚ್ಚು ಹಾಕಿಸಿ ಅದನ್ನು ಮಾರಲು ಏಗುವ ಪ್ರಕಾಶಕನ ಹೊಟ್ಟೆಯ ಮೇಲೆ ಯೂರೋದಲ್ಲಿ ಸಂಬಳ ಎಣಿಸುವವರು ಹೊಡೆಯಬಾರದು.

ಉರ್ದು ಓದಬಲ್ಲವರಿಗೆ ಇಷ್ಟು ಕಷ್ಟವಿಲ್ಲ. ರೇಖ್ತಾ ಜಾಲತಾಣ 2013ರಿಂದ ದೊಡ್ಡ ಉರ್ದು ಗ್ರಂಥಾಲಯವನ್ನೇ ಉಚಿತವಾಗಿ ತೆರೆದಿಟ್ಟಿದೆ. ಕೊಲ್ಲಿ ದೇಶಗಳಿಗೆ ಹೋಗುವವರಿಗೆ ನವೆಂಬರಿನ ಶಾರ್ಜಾ ಪುಸ್ತಕ ಮೇಳವಿದೆ. 1982ರಿಂದ ನಡೆಯುತ್ತಿರುವ ಅದರಲ್ಲಿ ಮಲಯಾಳಂ ಪ್ರಕಾಶಕರ ಸಾಲುಗಳನ್ನು ನೋಡಿದರೆ ಹೊಟ್ಟೆಕಿಚ್ಚಾಗುತ್ತದೆ. ಬೀದರಿನವರಿಗೆ ಒಂದು ಅನುಕೂಲ ಹುಟ್ಟಿನಿಂದಲೇ ಇದೆ: ಕನ್ನಡ, ಮರಾಠಿ, ಉರ್ದು, ತೆಲುಗು, ಹಿಂದಿ, ಇವುಗಳಲ್ಲಿ ಎರಡೋ ಮೂರೋ ಎಲ್ಲರಿಗೂ ಬರುತ್ತವೆ. ಹೊರದೇಶದಲ್ಲಿ ಒಂದು ಸಿಗದಿದ್ದರೆ ಇನ್ನೊಂದನ್ನು ಓದಿ. ಭಾಷಾಭಿಮಾನಿಗಳು ಬೇಸರ ಮಾಡಿಕೊಳ್ಳಬಾರದು. ಹಸಿದವನು ಜೋಳದ ರೊಟ್ಟಿಯೇ ಬೇಕೆಂದು ಉಪವಾಸ ಕೂರುವುದಿಲ್ಲ.

ಮುಂದಿನ ಸಾಲಿನಲ್ಲಿ ಕುಳಿತ ಹಿರಿಯರೊಬ್ಬರು ಇಲ್ಲಿ ನಡುವೆ ಮಾತಾಡಿದರು. ಅವರ ತಂದೆ ಶಾಲೆಯಲ್ಲಿ ಓದಿದ್ದು ಪೂರ್ತಿ ಉರ್ದುವಿನಲ್ಲಿ. ಮನೆಯಲ್ಲಿ ಕನ್ನಡ, ಕಚೇರಿಯಲ್ಲಿ ಉರ್ದು. ಕನ್ನಡ ಪುಸ್ತಕವೆಂದರೆ ಸೊಲ್ಲಾಪುರಕ್ಕೋ ಧಾರವಾಡಕ್ಕೋ ಹೋದವರು ತಂದುಕೊಡಬೇಕಿತ್ತಂತೆ. ಕಾಕಾ ಹೇಳಿದ್ದು ದೊಡ್ಡ ಮಾತು. 1948ರವರೆಗೆ ನಿಜಾಮರ ಆಳ್ವಿಕೆಯಲ್ಲಿ ಸ್ವಂತ ಊರಿನಲ್ಲೇ ಇದ್ದುಕೊಂಡು ತಾಯಿನುಡಿಯ ಪುಸ್ತಕಕ್ಕೆ ಪರದಾಡಿದವರು ನಮ್ಮ ಹಿರಿಯರು. ಅವರು ಕೇಳುತ್ತಿದ್ದರು. ಯಾರಾದರೂ ಗಡಿ ದಾಟುತ್ತಾರೆಂದು ತಿಳಿದರೆ ಚೀಟಿ ಬರೆದು ಕಳಿಸುತ್ತಿದ್ದರು. ಆ ರೂಢಿ ನಮ್ಮಲ್ಲಿ ಯಾವಾಗ ತಪ್ಪಿತೋ.

ತಪ್ಪಿದ್ದಕ್ಕೆ ಇಲ್ಲಿನ ಗ್ರಂಥಾಲಯಗಳನ್ನೇ ನೋಡಬಹುದು. 1965ರ ಕಾಯ್ದೆಯ ಪ್ರಕಾರ ನಾವು ಮನೆ ತೆರಿಗೆಯ ಜೊತೆಗೆ ನೂರಕ್ಕೆ ಆರರಂತೆ ಗ್ರಂಥಾಲಯ ಕರವನ್ನೂ ಕಟ್ಟುತ್ತೇವೆ. ಇಲ್ಲಿ ಕುಳಿತವರಲ್ಲಿ ಗ್ರಂಥಾಲಯದ ಕಾರ್ಡು ಇರುವವರು ಕೈ ಎತ್ತಿ ಎಂದಾಗ ಎದ್ದ ಕೈಗಳನ್ನು ನೀವೂ ನೋಡಿದಿರಿ. ಇಲ್ಲಿ ಕೌಂಟರಿನ ಮುಂದೆ ನಿಂತು ಪುಸ್ತಕ ಕೇಳದವರು ಅಲ್ಲಿ, ತಪ್ಪು ಜರ್ಮನ್ ಮಾತಾಡಬೇಕಾದ ಸಂಕೋಚದಲ್ಲಿ, ಕೇಳುತ್ತಾರೆಯೇ? ಹೊರಡುವ ಮೊದಲು ಇಲ್ಲೊಂದು ಕಾರ್ಡು ಮಾಡಿಸಿ. ಜರ್ಮನ್ ಕಲಿಯುತ್ತಿರುವವರು ಗೊಯಥೆ ಸಂಸ್ಥೆಯ ಡಿಜಿಟಲ್ ಗ್ರಂಥಾಲಯಕ್ಕೂ ಹೆಸರು ನೋಂದಾಯಿಸಿ. ಭಾರತದಲ್ಲಿದ್ದೇ ಉಚಿತವಾಗಿ ಎರವಲು ಪಡೆಯಬಹುದು. ಅಲ್ಲಿಗೆ ಹೋದ ಮೇಲೆ ಅಲ್ಲಿನ ಭಾಷೆಯನ್ನು ಓದಲು ಮಕ್ಕಳ ವಿಭಾಗದಿಂದ ಶುರುಮಾಡಿ. ಪುಟ್ಟ ಕುರ್ಚಿಯ ಮೇಲೆ ಮೊಣಕಾಲು ಮಡಚಿ ಕುಳಿತು ಚಿತ್ರದ ಪುಸ್ತಕ ಓದುವ ದೊಡ್ಡವರನ್ನು ನೋಡಿ ಅಲ್ಲಿ ಯಾರೂ ನಗುವುದಿಲ್ಲ. ಪಕ್ಕದಲ್ಲಿ ಕುಳಿತ ಐದು ವರ್ಷದ ಹುಡುಗ ನಿಮ್ಮ ಉಚ್ಚಾರಣೆ ತಿದ್ದುತ್ತಾನೆ, ಸಂಬಳ ಕೇಳುವುದಿಲ್ಲ.

ಕೊನೆಗೆ ತಾಯಿಯೊಬ್ಬರು ಎದ್ದು ನಿಂತರು: “ತಮ್ಮಾ, ಮಗ ಮ್ಯೂನಿಕ್‌ನಲ್ಲಿದ್ದಾನೆ. ಇಷ್ಟೆಲ್ಲ ಅವನು ಮಾಡುವವನಲ್ಲ. ನಾನೇ ಒಂದಿಷ್ಟು ಪುಸ್ತಕ ಕಳಿಸಬೇಕೆಂದಿದ್ದೇನೆ. ಹೇಗೆ?”

ಕಳಿಸಿ ಅಕ್ಕಾ. ಮೊದಲು ಏನು ಬೇಕೆಂದು ಅವನನ್ನೇ ಕೇಳಿ. ನಿಮಗೆ ಇಷ್ಟವಾದದ್ದನ್ನು ಕಳಿಸಿದರೆ ಅದು ಅಲ್ಲಿಯೂ ಮಡಿಕೆ ಬಿಚ್ಚದೆ ಕೂರುತ್ತದೆ. ಯೂರೋಪಿನ ಒಕ್ಕೂಟದಲ್ಲಿ 2021ರ ಜುಲೈಯಿಂದ ಹೊರಗಿನಿಂದ ಕೊಂಡು ತರಿಸುವ ಸಣ್ಣ ಪಾರ್ಸೆಲ್ಲಿಗೂ ತೆರಿಗೆಯಿದೆ. ಆದರೆ ಮನೆಯವರು ಮನೆಯವರಿಗೆ ಕಳಿಸುವ ಉಡುಗೊರೆ 45 ಯೂರೋ ಬೆಲೆಯವರೆಗೆ ಮಾಫಿ. ನಮ್ಮ ಕನ್ನಡ ಪುಸ್ತಕಗಳ ಬೆಲೆಯಲ್ಲಿ ಅಷ್ಟಕ್ಕೆ ಸಾಕಷ್ಟು ಬರುತ್ತವೆ. ಕಸ್ಟಮ್ಸ್ ಚೀಟಿಯ ಮೇಲೆ ‘ಪುಸ್ತಕ, ಉಡುಗೊರೆ’ ಎಂದು ಇಂಗ್ಲಿಷಿನಲ್ಲಿ ಬರೆಯಿರಿ, ನಿಜವಾದ ಬೆಲೆ ಹಾಕಿ. ಮೊದಲು ಪ್ಲಾಸ್ಟಿಕ್‌ನಲ್ಲಿ ಸುತ್ತಿ, ಆಮೇಲೆ ರಟ್ಟಿನ ಪೆಟ್ಟಿಗೆಗೆ ಹಾಕಿ. ಅಲ್ಲಿನ ಮಳೆಗೆ ಕಾಲದ ಹಂಗಿಲ್ಲ. ಇನ್ನೊಂದು ಮಾತು. ಜಾಗ ಉಳಿಯಿತೆಂದು ಅದರೊಳಗೆ ತುಪ್ಪ, ಪೇಡೆ ಇಡಬೇಡಿ. ಹಾಲಿನ ಪದಾರ್ಥಗಳನ್ನು ಅವರು ಒಳಗೆ ಬಿಡುವುದಿಲ್ಲ. ಪೇಡೆಯ ತಪ್ಪಿಗೆ ಪುಸ್ತಕವೂ ಅಲ್ಲೇ ಸಿಕ್ಕಿಬೀಳುತ್ತದೆ.